ಇಲ್ಲದ ಚಿರತೆಗೆ ಬಂದ ಗಂಡು

ಹೊನ್ನೇಬಂಡೆ ಬಡಾವಣೆಯಲ್ಲಿ ಸುಶೀಲಾ ಎಂಬ ಹೆಣ್ಣು ಚಿರತೆಯೊಂದು ವಾಸವಾಗಿತ್ತು. ತುಂಬು ಪ್ರಾಯ, ಒಳ್ಳೆಯ ಆರೋಗ್ಯ, ಮೊಲದ ಮಾಂಸವೆಂದರೆ ಪ್ರಾಣ, ಬೀದಿನಾಯಿಗಳನ್ನು ಕಂಡರೆ ಆಗದು. ಇಷ್ಟು ವರ್ಷಗಳಲ್ಲಿ ಅವಳಿಂದ ಯಾರ ಮನೆಯ ಒಂದು ಕೋಳಿಮರಿಯೂ ಹೋಗಿರಲಿಲ್ಲ. ಹೋಗುವುದಾದರೂ ಹೇಗೆ? ಸುಶೀಲಾ ಇರಲೇ ಇಲ್ಲ.

ಅವಳನ್ನು ಹುಟ್ಟಿಸಿದ್ದು ಶಾಂಭವಿ. ತುಮಕೂರಿನ ಅಂಚಿನಲ್ಲಿ, ಮನೆಗಳು ಮುಗಿದು ಕುರುಚಲು ಕಾಡು ಶುರುವಾಗುವ ಜಾಗದಲ್ಲಿ ಈ ಬಡಾವಣೆ ಎದ್ದಾಗ ಎಲ್ಲರೂ ಗೋಡೆ ಕಟ್ಟೋಣ ಎಂದರು. ಗೋಡೆ ಕಟ್ಟಿದರೆ ಬಂಡೆಯ ಕಡೆಯ ಪ್ರಾಣಿಗಳಿಗೆ ಕೆರೆಯ ದಾರಿ ಮುಚ್ಚಿಹೋಗುತ್ತದೆ, ಬೇಡ, ಚಿರತೆಗಳನ್ನು ದೂರ ಇಡಲು ಒಂದು ಚಿರತೆಯೇ ಸಾಕು ಎಂದವಳು ಶಾಂಭವಿ. ಪ್ರಾಣಿಗಳ ವಾಸನೆಯ ಮೇಲೆ ಹದಿನೈದು ವರ್ಷ ಸಂಶೋಧನೆ ಮಾಡಿದ ಹೆಂಗಸು ಅವಳು. ಮಾತಿನಲ್ಲಿ ಅಳುಕೆಂಬುದು ಅವಳಿಗೆ ಗೊತ್ತಿರಲಿಲ್ಲ. ಹಾಗಾಗಿ ಜನ ಒಪ್ಪಿದರು.

ಚಿರತೆಗಳು ಒಂದಕ್ಕೊಂದು ಎದುರಾಗುವುದು ಕಡಿಮೆ. ಮರದ ಬುಡಕ್ಕೆ ಉಚ್ಚೆ ಸಿಡಿಸಿ ಹೋಗುತ್ತವೆ, ಹಿಂದೆ ಬಂದದ್ದು ಮೂಸಿ ನೋಡಿ ವಿಷಯ ತಿಳಿದುಕೊಳ್ಳುತ್ತದೆ. ಇಲ್ಲಿ ಒಬ್ಬಳಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ನಿನ್ನೆಯೇ ಬಂದು ಹೋಗಿದ್ದಾಳೆ ಎಂದು ಗೊತ್ತಾದರೆ ಸುಮ್ಮನೆ ಜಗಳವೇಕೆಂದು ದಾರಿ ಬದಲಿಸುತ್ತದೆ. ಆದರೆ ದಿನವೂ ಅದೇ ವಾಸನೆ ಸಿಂಪಡಿಸಿದರೆ ಯಾವ ಚಿರತೆಯೂ ಮೋಸಹೋಗುವುದಿಲ್ಲ. ಬದುಕಿರುವ ಪ್ರಾಣಿಯ ವಾಸನೆ ದಿನಕ್ಕೊಂದು ಬಗೆ. ತಿಂದದ್ದೇನು, ನಿದ್ದೆಯಾಯಿತೇ, ಜ್ವರವಿದೆಯೇ, ಸಿಟ್ಟಿದೆಯೇ, ಎಲ್ಲವೂ ಅದರಲ್ಲಿರುತ್ತದೆ. ಅದಕ್ಕಾಗಿ ಶಾಂಭವಿ ನೀರಿನ ಟ್ಯಾಂಕಿನ ಕೆಳಗಿನ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದರೊಳಗೆ ಸುಶೀಲಾಳಿಗೆ ದಿನದಿನದ ಬದುಕು ಕೊಟ್ಟಳು. ಇವತ್ತು ಸುಶೀಲಾ ಕಾಡುಹಂದಿಯ ಮರಿ ಹಿಡಿದಳು, ಇವತ್ತು ಮಳೆಯಲ್ಲಿ ನೆನೆದಳು, ಇವತ್ತು ಉಪವಾಸ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತಿತ್ತು. ಅದಕ್ಕೆ ತಕ್ಕ ವಾಸನೆಯನ್ನು ಯಂತ್ರ ಬೆರೆಸುತ್ತಿತ್ತು. ಬಡಾವಣೆಯ ಅಂಚಿಗುಂಟ ನೆಟ್ಟ, ಪುಟ್ಟ ಕ್ಯಾಮೆರಾ ಕೂರಿಸಿದ ಮೊಳಕಾಲೆತ್ತರದ ಗೂಟಗಳು ಸಂಜೆಗೆ ಅದನ್ನು ಹನಿಹನಿಯಾಗಿ ಸಿಂಪಡಿಸುತ್ತಿದ್ದವು.

ಮನುಷ್ಯರ ಮೂಗಿಗೆ ಆ ವಾಸನೆ ಅಷ್ಟಾಗಿ ತಿಳಿಯದು. ಗಾಳಿ ಬೀಸಿದಾಗ ಬಾಸುಮತಿ ಅನ್ನ ಬೆಂದ ಹಾಗೆ ಒಂದು ಘಮ, ಅಷ್ಟೇ. ಹೊಸದಾಗಿ ಬಂದ ನೆಂಟರು "ಯಾರ ಮನೇಲಿ ಪಲಾವ್?" ಎಂದು ಕೇಳಿದರೆ ಜನ ನಕ್ಕು "ನಮ್ಮ ಸುಶೀಲಕ್ಕ ವಾಕಿಂಗ್ ಬಂದಿದ್ದಾಳೆ" ಎನ್ನುತ್ತಿದ್ದರು. ಹೆಸರಿಟ್ಟವರೂ ಅವರೇ. ತಿಂಗಳ ಸಭೆಯಲ್ಲಿ ರಸ್ತೆಯ ಗುಂಡಿ, ಕಸದ ಗಾಡಿಯ ಜೊತೆಗೆ ಸುಶೀಲಾಳ ಯೋಗಕ್ಷೇಮವೂ ಒಂದು ವಿಷಯ. ಒಮ್ಮೆ ಅವಳಿಗೆ ಜ್ವರ ಬಂದ ಸುದ್ದಿ ಕೇಳಿ ಮೂರನೇ ಅಡ್ಡರಸ್ತೆಯ ಹೆಂಗಸರು ನಿಜಕ್ಕೂ ಪೇಚಾಡಿಕೊಂಡಿದ್ದರು.

ಹೀಗೆ ಎಲ್ಲವೂ ಸಸೂತ್ರವಾಗಿ ನಡೆಯುತ್ತಿರುವಾಗ ಮಾಘಮಾಸದಲ್ಲಿ ಗಂಡು ಬಂತು.

ಅದು ಬರುವಂತೆ ಮಾಡಿದ್ದು ಶಾಂಭವಿಯೇ. ಪ್ರಾಯದ ಹೆಣ್ಣು ಚಿರತೆ ವರ್ಷಗಟ್ಟಲೆ ಬೆದೆಗೆ ಬರದಿದ್ದರೆ ಕಾಡಿನ ಪ್ರಾಣಿಗಳಿಗೆ ಅನುಮಾನ ಬರುತ್ತದೆ. ಆಗಲೇ ಒಂದೆರಡು ಚಿರತೆಗಳು ಗೂಟ ಮೂಸಿ ಉದಾಸೀನ ಮಾಡಿ ದಾಟಲು ನೋಡಿದ್ದವು. ಆದ್ದರಿಂದ ಅವಳು ಯೋಚಿಸಿಯೇ ಸುಶೀಲಾಳ ವಾಸನೆಯಲ್ಲಿ ಬೆದೆಯ ಅಂಶ ಸೇರಿಸಿದಳು. ಒಂದು ವಾರ ಇಟ್ಟು ತೆಗೆದರಾಯಿತು ಎಂದುಕೊಂಡಿದ್ದಳು. ನಾಲ್ಕನೇ ದಿನವೇ ಬಂಡೆಯ ಕಡೆಯಿಂದ ದಷ್ಟಪುಷ್ಟ ಗಂಡೊಂದು ಬಂದು ಗೂಟಗಳ ಆಚೆಯ ಹೊಂಗೆಮರದ ಕೆಳಗೆ ಕೂತಿತು. ವಾರ ಮುಗಿದರೂ ಏಳಲಿಲ್ಲ. ಬೆಳಗ್ಗೆ, ಸಂಜೆ, ಮನೆಗಳ ಕಡೆ ಮುಖ ಮಾಡಿಕೊಂಡು ಅದೇ ಜಾಗದಲ್ಲಿ ಕಾಯುತ್ತಿತ್ತು.

"ಮೇಡಂ, ಇವನು ಹೋಗೋ ತರ ಕಾಣಲ್ಲ" ಎಂದ ನೌಷಾದ್. ಗೂಟಗಳನ್ನೂ ಯಂತ್ರವನ್ನೂ ನೋಡಿಕೊಳ್ಳುವ ಎಂಜಿನಿಯರ್ ಅವನು. ಅವನ ಮುಂದಿನ ಪರದೆಯ ಮೇಲೆ ಗಂಡು ಚಿರತೆ ಆಕಳಿಸುತ್ತಿತ್ತು.

"ಬೆದೆಯ ಅಂಶ ತೆಗೆದಾಯ್ತಾ?"

"ತೆಗೆದಾಗಿದೆ. ಆದ್ರೆ ಇವನಿಗೆ ಅವಳು ಸಿಕ್ಕೇ ಇಲ್ವಲ್ಲ ಮೇಡಂ. ಕರೆದೋಳು ಮುಖಾನೇ ತೋರಿಸ್ಲಿಲ್ಲ ಅಂದ್ರೆ ಯಾರು ಎದ್ದು ಹೋಗ್ತಾರೆ?"

ಶಾಂಭವಿ ಪರದೆಯ ಹತ್ತಿರಕ್ಕೆ ಬಗ್ಗಿ ಅವನನ್ನೇ ನೋಡಿದಳು. ವಾಸನೆಯಿಂದ ಗಂಡನ್ನು ಕರೆಯುವುದನ್ನು ಲೆಕ್ಕ ಹಾಕಿದ್ದಳು, ಬಂದ ಮೇಲೆ ಏನೆಂದು ಲೆಕ್ಕ ಹಾಕಿರಲಿಲ್ಲ.

ಬಡಾವಣೆಯ ಸಂಘದ ಅಧ್ಯಕ್ಷ ಗುರುಸಿದ್ದಪ್ಪ ಮಾರನೆಯ ದಿನವೇ ತುರ್ತು ಸಭೆ ಕರೆದರು. ಬಸ್ ಡಿಪೋದಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಸಮಯ ಅಂದರೆ ಸಮಯ. ಕೆಟ್ಟವರಲ್ಲ. ಆದರೆ ಮಕ್ಕಳು ಆಡುವ ಜಾಗದಿಂದ ಕೂಗಳತೆಯಲ್ಲಿ ಚಿರತೆ ಕೂತಿದ್ದರೆ ಯಾವ ಅಧ್ಯಕ್ಷನಿಗೆ ನಿದ್ದೆ ಬಂದೀತು?

"ನೋಡಮ್ಮಾ, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ" ಎಂದರು. "ಭಾನುವಾರದ ತನಕ ನೋಡ್ತೀವಿ. ಅರಣ್ಯ ಇಲಾಖೆಯವರಿಗೆ ಬೋನು ತರೋಕೆ ಹೇಳಿದ್ದೀನಿ. ಅಷ್ಟರೊಳಗೆ ಅದು ತಾನಾಗಿ ಹೋದ್ರೆ ಸರಿ. ಇಲ್ದಿದ್ರೆ ಬೋನಿಗೆ ಬೀಳುತ್ತೆ, ದೂರದ ಕಾಡಿಗೆ ಬಿಟ್ಟು ಬರ್ತಾರೆ. ಆಮೇಲೆ ಗೋಡೆ. ಸುಶೀಲಾನ ಆಫ್ ಮಾಡಿಬಿಡಿ."

"ದೂರದ ಕಾಡಲ್ಲಿ ಬೇರೆ ಗಂಡುಗಳಿರ್ತಾವೆ ಸಾರ್. ಹೊಸಬನ್ನ ಉಳಿಸಲ್ಲ."

"ನಮ್ಮ ಮಕ್ಕಳನ್ನ ಇದು ಉಳಿಸುತ್ತೆ ಅಂತ ಬರೆದು ಕೊಡ್ತೀರಾ?"

ಸಭೆಯಿಂದ ಹೊರಬರುವಾಗ ಶಾಂಭವಿಗೆ ತನ್ನ ಮೇಲೆಯೇ ಸಿಟ್ಟು ಬಂದಿತ್ತು. ತಾನು ಕರೆದದ್ದಕ್ಕೆ ಬಂದ ಪ್ರಾಣಿ ತನ್ನಿಂದ ಸಾಯಬಾರದು, ಅಷ್ಟೇ. ಸುಶೀಲಾಳನ್ನು ಆಫ್ ಮಾಡುವ ಮಾತನ್ನಂತೂ ಅವಳು ಒಪ್ಪುವಂತಿರಲಿಲ್ಲ. ಅವಳು ಇಲ್ಲದವಳಾದರೇನು, ಇಷ್ಟು ವರ್ಷ ಸಾಕಿದವಳಲ್ಲವೇ?

ಮೊದಲ ಉಪಾಯ ಸುಲಭದ್ದು. ಎಲ್ಲ ಗೂಟಗಳ ಸಿಂಪಡಣೆಯನ್ನೂ ನಿಲ್ಲಿಸಿದರು. ವಾಸನೆಯೇ ಇಲ್ಲದಿದ್ದರೆ ಅವಳು ಊರುಬಿಟ್ಟಳೆಂದುಕೊಂಡು ಹೋಗಲಿ ಎಂದು. ಆದದ್ದು ಉಲ್ಟಾ. ಅವನು ಹುಡುಕಲು ಒಳಗೇ ಬಂದ.

ಶಾಂಭವಿಯ ಅತ್ತೆ ರುದ್ರಾಣಮ್ಮ ಆ ಸಂಜೆ ತಾರಸಿಯ ಮೇಲೆ ಒಣಗಿದ ಸಂಡಿಗೆ ಬಿಡಿಸುತ್ತಿದ್ದರು. ಎದುರುಮನೆಯ ಲಿಖಿತಾಳ ಮದುವೆಗೆಂದು ಒಪ್ಪಿಕೊಂಡ ಸಂಡಿಗೆ. ತಲೆಯೆತ್ತಿದರೆ ಎದುರುಮನೆಯ ಕಾಂಪೌಂಡಿನ ಮೇಲೆ ಚಿರತೆ! ಎರಡು ಮನೆಗಳ ನಡುವೆ ರಸ್ತೆ ಬಿಟ್ಟರೆ ಇನ್ನೇನಿಲ್ಲ. ರುದ್ರಾಣಮ್ಮ ಕೂಗಲಿಲ್ಲ, ಓಡಲಿಲ್ಲ. ಸಂಡಿಗೆಯ ಮೊರ ಕೈಯಲ್ಲಿ ಹಿಡಿದುಕೊಂಡು ಕಂಬದ ಹಾಗೆ ನಿಂತರು. ಅದು ಇವರನ್ನು ನೋಡಿತು, ಗಾಳಿ ಮೂಸಿತು, ಹಾಕುತ್ತಿದ್ದ ಚಪ್ಪರದ ಗಳುಗಳನ್ನು ಮೂಸಿತು, ಇಳಿದು ಹೋಯಿತು.

ಶಾಂಭವಿ ಓಡಿ ಬಂದಾಗ ಅತ್ತೆ ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದರು.

"ಅತ್ತೆ, ಏನೂ ಆಗ್ಲಿಲ್ಲ ತಾನೇ?"

"ನನಗೇನಾಗುತ್ತೆ? ಅವನನ್ನ ನೋಡಿ ಹೊಟ್ಟೆ ಉರಿದುಹೋಯ್ತು ಕಣೇ. ಹಸಿವಿಗೆ ಬಂದೋನಲ್ಲ ಅವನು. ಹುಡುಕ್ತಿದ್ದ. ಬೀಗರ ಮನೆ ಯಾವುದು ಅಂತ ಗೊತ್ತಾಗ್ದೆ ಬೀದಿಬೀದಿ ಅಲಿಯೋರ ಮುಖ ಇತ್ತು ಅವನಿಗೆ." ಲೋಟ ಕೆಳಗಿಟ್ಟು ಸೊಸೆಯನ್ನು ದಿಟ್ಟಿಸಿದರು. "ಹೆಣ್ಣಿದೆ ಅಂತ ಊರಿಗೆಲ್ಲ ಸಾರಿ, ಬಂದ ಗಂಡಿಗೆ ಬಾಗಿಲು ಹಾಕ್ಕೊಂಡ್ರೆ ಹೆಂಗೆ?"

"ಹೆಣ್ಣೇ ಇಲ್ವಲ್ಲ ಅತ್ತೆ!"

"ಅದು ನಿನಗೆ ಗೊತ್ತು. ಅವನಿಗೆ ಗೊತ್ತಾ?"

ಗೂಟಗಳು ಮತ್ತೆ ಶುರುವಾದವು. ಗಂಡು ಹೊಂಗೆಮರದ ಕೆಳಗೆ ವಾಪಸ್ಸಾಯಿತು. ಬಡಾವಣೆಯಲ್ಲಿ ಸಂಜೆ ಐದಕ್ಕೇ ಬಾಗಿಲುಗಳು ಮುಚ್ಚಿದವು. ವಾಕಿಂಗ್ ನಿಂತಿತು. ಹಾಲಿನವನು ಮುಖ್ಯರಸ್ತೆಯಲ್ಲೇ ಹಾರ್ನ್ ಬಾರಿಸಿ ಜನರನ್ನು ಅಲ್ಲಿಗೇ ಕರೆಯತೊಡಗಿದ. ಸುಶೀಲಕ್ಕ ಸುಶೀಲಕ್ಕ ಎನ್ನುತ್ತಿದ್ದವರ ಬಾಯಲ್ಲಿ ಆ ಹೆಸರು ಕಡಿಮೆಯಾಯಿತು. ಶಾಂಭವಿ ಎದುರಾದರೆ ಕೆಲವರು ಮೊಬೈಲು ನೋಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದರು.

ಕೋಣೆಯಲ್ಲಿ ನೌಷಾದ್ ಇನ್ನೊಂದು ಮಾತು ತೆಗೆದ. "ಮೇಡಂ, ಅವಳು ಗಬ್ಬ ಆಗಿದ್ದಾಳೆ ಅಂತ ಮಾಡಿಬಿಡೋಣ. ಕೆಲಸ ಮುಗೀತು ಅಂತ ಹೋಗ್ತಾನೆ."

"ಯಾರಿಂದ ಗಬ್ಬ?"

ನೌಷಾದ್ ತಲೆ ಕೆರೆದುಕೊಂಡ.

"ಅವನು ಅವಳನ್ನ ಮುಟ್ಟೇ ಇಲ್ಲ. ಗಬ್ಬದ ವಾಸನೆ ಬಂದ್ರೆ ಇನ್ನೊಂದು ಗಂಡು ಇಲ್ಲೇ ಎಲ್ಲೋ ಇದೆ ಅಂತ ಅರ್ಥ. ಆಗ ಅವನು ಹೋಗಲ್ಲ ನೌಷಾದ್, ಎದುರಾಳಿನ ಹುಡುಕ್ತಾ ಇಡೀ ಬಡಾವಣೆ ಜಾಲಾಡ್ತಾನೆ. ಹುಟ್ಟೋ ಮರಿಗಳನ್ನೂ ಬಿಡಲ್ಲ."

"ಹುಟ್ಟೋ ಮರಿಗಳು ಕಂಪ್ಯೂಟರಲ್ಲಿ ತಾನೇ ಮೇಡಂ ಇರೋದು?"

"ಅವನು ಬರೋದು ಕಂಪ್ಯೂಟರಿಗಲ್ಲಪ್ಪಾ, ನಮ್ಮ ಬೀದಿಗೆ."

ಶುಕ್ರವಾರ ಎದುರುಮನೆಯಲ್ಲಿ ಅರಿಶಿನ ಶಾಸ್ತ್ರ. ಶಾಂಭವಿಗೆ ಹೋಗುವ ಮನಸ್ಸಿರಲಿಲ್ಲ. "ಐದು ಜನ ಮುತ್ತೈದೆಯರಲ್ಲಿ ನಿನ್ನ ಹೆಸರೂ ಇದೆ, ಕಾಲಿಡು ಸಾಕು" ಎಂದು ಅತ್ತೆ ಎಳೆದುಕೊಂಡು ಹೋದರು. ಚಿರತೆಯ ಭಯದಿಂದ ಶಾಸ್ತ್ರವನ್ನು ಸಂಜೆಯ ಬದಲು ಮಧ್ಯಾಹ್ನಕ್ಕೇ ಇಟ್ಟುಕೊಂಡಿದ್ದರು. ಲಿಖಿತಾ ಹಳೆಯ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಚಿಕ್ಕಮ್ಮನೊಬ್ಬಳು ಬಟ್ಟಲಿಗೆ ಅರಿಶಿನದ ಪುಡಿ ಸುರಿದು ಎಣ್ಣೆ ಹಾಕಿ ಕಲಸಲು ಕೈಹಾಕಿದಳು.

"ಅಯ್ಯೋ, ಬರೀ ಅದನ್ನೇ ಹಚ್ಚಬೇಡ ಕಣೇ!" ಎಂದು ಲಿಖಿತಾಳ ತಾಯಿ ಸರ್ವಮಂಗಳಾ ಒಳಗಿನಿಂದ ಕೂಗಿಕೊಂಡು ಬಂದರು. ಅವರ ಕೈಯಲ್ಲಿ ವೀಳ್ಯದೆಲೆ ಮುಚ್ಚಿದ ಬೆಳ್ಳಿಬಟ್ಟಲು. "ಗಂಡಿಗೆ ಹಚ್ಚಿ ಮಿಕ್ಕಿದ್ದು ಈಗ ತಾನೇ ಅವರ ಮನೆಯಿಂದ ಬಂತು. ಅದನ್ನ ಇದಕ್ಕೆ ಬೆರೆಸಿ ಹಚ್ಚಬೇಕು. ಅವನ ಮೈ ಸೋಕಿದ್ದು ಇವಳ ಮೈಗೆ ಬಂದ್ರೇನೇ ಶಾಸ್ತ್ರ ಆದಂಗೆ."

ಶಾಂಭವಿ ಕೆನ್ನೆಗೆ ಹಚ್ಚಲೆಂದು ಬಗ್ಗಿದವಳು ಹಾಗೆಯೇ ನಿಂತಳು. ಅವಳ ಕೈಯಲ್ಲಿದ್ದ ಅರಿಶಿನ ಲಿಖಿತಾಳ ಮೂಗಿನ ಮೇಲೆ ತೊಟ್ಟಿಕ್ಕಿತು. ಹುಡುಗಿ ಕಿಸಕ್ಕನೆ ನಕ್ಕಳು.

"ಏನಾಯ್ತೇ?" ಎಂದರು ರುದ್ರಾಣಮ್ಮ.

"ಅತ್ತೆ, ನಾನು ಹೊರಟೆ. ಊಟಕ್ಕೆ ಕಾಯಬೇಡಿ."

ಅವಳು ಅಂಗೈ ಅರಿಶಿನವನ್ನೂ ತೊಳೆಯದೆ ಟ್ಯಾಂಕಿನ ಕಡೆ ನಡೆದಳು. ನಡೆದದ್ದಲ್ಲ, ಓಡಿದಳೆಂದೇ ಹೇಳಬೇಕು.

ಗಂಡು ಚಿರತೆ ತನ್ನ ಗುರುತನ್ನು ಹೊಂಗೆಮರದ ಬುಡಕ್ಕೆ ಧಾರಾಳವಾಗಿ ಸಿಡಿಸಿತ್ತು. ನಡುಮಧ್ಯಾಹ್ನದ ಬಿಸಿಲಿಗೆ ಅದು ಬಂಡೆಯ ನೆರಳಿಗೆ ಹೋಗುವುದು ಕ್ಯಾಮೆರಾಗಳಲ್ಲಿ ಕಾಣುತ್ತಿತ್ತು. ಆ ಹೊತ್ತು ನೋಡಿ ಶಾಂಭವಿ ಮತ್ತು ನೌಷಾದ್ ಜೀಪಿನಲ್ಲಿ ಹೋಗಿ ತೊಗಟೆ ಕೆರೆದು ಡಬ್ಬಿಗೆ ತುಂಬಿಕೊಂಡು ಬಂದರು. ಕೆರೆಯುವಾಗ ನೌಷಾದ್ ಹತ್ತು ಸಲ ಹಿಂದೆ ತಿರುಗಿ ನೋಡಿದ. ಶಾಂಭವಿ ಒಂದು ಸಲವೂ ನೋಡಲಿಲ್ಲ. ಧೈರ್ಯವೆಂದಲ್ಲ, ಅವಳಿಗೆ ಆಗ ಬೇರೇನೂ ತಲೆಯಲ್ಲಿರಲಿಲ್ಲ.

ಯಂತ್ರ ಆ ವಾಸನೆಯನ್ನು ಬಿಡಿಸಿ ನೋಡಲು ಶನಿವಾರ ಮಧ್ಯಾಹ್ನದವರೆಗೆ ತೆಗೆದುಕೊಂಡಿತು. ಅದರಲ್ಲಿ ಇವನೊಬ್ಬನಿಗೇ ಸೇರಿದ, ಬೇರೆ ಯಾವ ಚಿರತೆಯಲ್ಲೂ ಇರದ ಹದವೊಂದಿತ್ತು. ಶಾಂಭವಿ ಅದನ್ನು ಸುಶೀಲಾಳ ವಾಸನೆಗೆ ಬೆರೆಸಿದಳು. ಜೊತೆಯಾದ ಗಂಡು ಹೆಣ್ಣು ಮೈಗೆ ಮೈ ಉಜ್ಜಿದಾಗ ಎಷ್ಟು ಸೋಕೀತೋ ಅಷ್ಟು. ಹೆಚ್ಚಾದರೆ ಅದು ಅವನದೇ ಗುರುತಾಗುತ್ತದೆ, ಕಡಿಮೆಯಾದರೆ ತಿಳಿಯುವುದಿಲ್ಲ. ಅದರ ಮೇಲೆ ಗಬ್ಬದ ಮೊದಲ ದಿನಗಳ ವಾಸನೆ, ಬಹಳ ತೆಳುವಾಗಿ.

"ಇದು ಅವನು ಕಣ್ಣಾರೆ ನೋಡದೆ ಇರೋದನ್ನ ಮೂಗಿಂದ ನಂಬಿಸೋದು" ಎಂದ ನೌಷಾದ್. "ನಂಬ್ತಾನಾ ಮೇಡಂ?"

"ಅವನಿಗೆ ಕಣ್ಣಿಗಿಂತ ಮೂಗೇ ದೊಡ್ಡದು. ನಂಬ್ತಾನೆ" ಎಂದಳು ಶಾಂಭವಿ. ಬಾಯಲ್ಲಿ ಅಂದಷ್ಟು ಖಾತ್ರಿ ಒಳಗೂ ಇತ್ತು.

ಅಷ್ಟರಲ್ಲಿ ಬೋನು ಬಂದಿಳಿಯಿತು. ಹೊಂಗೆಮರಕ್ಕೂ ಗೂಟಗಳ ಸಾಲಿಗೂ ನಡುವೆ ಸೊಪ್ಪು ಮುಚ್ಚಿ ಇಟ್ಟರು. ಒಳಗೆ ಕಟ್ಟಿದ ಆಡಿನ ಕೂಗು ಬಡಾವಣೆಗೆಲ್ಲ ಕೇಳುತ್ತಿತ್ತು.

ಭಾನುವಾರ ಬೆಳಕು ಹರಿಯುವಾಗ ಟ್ಯಾಂಕಿನ ಕೋಣೆಯಲ್ಲಿ ನಾಲ್ಕು ಜನರಿದ್ದರು. ಗುರುಸಿದ್ದಪ್ಪ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ರುದ್ರಾಣಮ್ಮ ಯಾರು ಬೇಡವೆಂದರೂ ಕೇಳದೆ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದರು.

ಪರದೆಯ ಮೇಲೆ ಅವನು ಕಾಣಿಸಿದ. ನಡೆದು ಬಂದ, ಬೋನಿನ ಹತ್ತಿರ ನಿಂತ. ಆಡು ಕೂಗಿತು. ಅವನ ಕಿವಿ ಆ ಕಡೆ ತಿರುಗಿತು. ಎಷ್ಟೋ ದಿನದಿಂದ ಸರಿಯಾಗಿ ಬೇಟೆಯಾಡಿರಲಿಲ್ಲ, ಪಕ್ಕೆಗಳು ಕಾಣುತ್ತಿದ್ದವು. ಅವನು ಬೋನಿನ ಬಾಯಿಯತ್ತ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ.

"ಹೋಗಬೇಡ್ವೋ" ಎಂದರು ರುದ್ರಾಣಮ್ಮ, ಪರದೆಗೆ.

ಆಗ ಗಾಳಿ ಈ ಕಡೆಯಿಂದ ಆ ಕಡೆಗೆ ಬೀಸಿತು. ಅವನ ತಲೆ ಥಟ್ಟನೆ ಮೇಲೆದ್ದಿತು. ಬೋನನ್ನು ಬಿಟ್ಟು ನೇರ ಗೂಟದ ಹತ್ತಿರ ಬಂದ. ಮೂಸಿದ. ಮೇಲ್ದುಟಿ ಮಡಿಸಿ, ಬಾಯಿ ತೆರೆದು, ಕಣ್ಣು ಅರ್ಧ ಮುಚ್ಚಿ, ಬಹಳ ಹೊತ್ತು ಆ ವಾಸನೆಯನ್ನು ಒಳಗೆ ಎಳೆದುಕೊಂಡ. ಆಮೇಲೆ ಆ ದೊಡ್ಡ ಪ್ರಾಣಿ ಗೂಟಕ್ಕೆ ಕೆನ್ನೆ ಉಜ್ಜಿತು. ಒಂದು ಕೆನ್ನೆ, ಇನ್ನೊಂದು ಕೆನ್ನೆ. ಉಜ್ಜುವಾಗ ಗೂಟ ಅಲ್ಲಾಡಿ ಪರದೆಯ ಚಿತ್ರವೂ ಅಲ್ಲಾಡಿತು.

ಉಜ್ಜಿ ಮುಗಿಸಿ ಅವನು ಬೆನ್ನು ತಿರುಗಿಸಿದ. ಆಡಿನ ಕೂಗನ್ನು ಕೇಳಿಸಿಕೊಳ್ಳಲೇ ಇಲ್ಲ. ದಾರಿಯುದ್ದಕ್ಕೂ ಮರಮರಕ್ಕೂ ಗುರುತು ಹಾಕುತ್ತ, ಹೊಲದ ಬದು ನೋಡಲು ಹೊರಟ ಯಜಮಾನನ ಹಾಗೆ, ಬಂಡೆ ಹತ್ತಿ ಆಚೆಗೆ ಇಳಿದುಹೋದ.

ನೌಷಾದ್ ಚಪ್ಪಾಳೆ ಹೊಡೆದ. ಗುರುಸಿದ್ದಪ್ಪ ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡರು. ಶಾಂಭವಿಗೆ ಗೆದ್ದೆನೆಂಬ ಸಂತೋಷ ಉಕ್ಕಿ ಬಂತು, ಅದನ್ನು ಅವಳು ಮುಚ್ಚಿಡಲೂ ಇಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆಯೂ ಬಂತು. ಅವನು ಕೆನ್ನೆ ಉಜ್ಜಿದ್ದು ಒಂದು ಪ್ಲಾಸ್ಟಿಕ್ ಗೂಟಕ್ಕೆ.

ಒಂದು ವಾರ ಕಾದು ಬೋನನ್ನು ಕೊಂಡೊಯ್ದರು. ಲಿಖಿತಾಳ ಮದುವೆ ನಡೆಯಿತು, ವಾಕಿಂಗ್ ಮತ್ತೆ ಶುರುವಾಯಿತು. ಗಂಡು ತನ್ನ ಸುತ್ತಾಟದಲ್ಲಿ ಆಗಾಗ ಬಂದು ಗೂಟಗಳ ಆಚೆಗೇ ಗುರುತು ಹಾಕಿ ಹೋಗುತ್ತಿತ್ತು. ಅವನ ಭಯಕ್ಕೆ ಬೇರೆ ಚಿರತೆಗಳು ಆ ಕಡೆ ಸುಳಿಯುವುದನ್ನೇ ಬಿಟ್ಟವು. ಗೋಡೆಯ ಮಾತು ಎತ್ತುವವರಿರಲಿಲ್ಲ.

ಮೂರು ತಿಂಗಳಾದ ಮೇಲಿನ ಸಭೆಯಲ್ಲಿ ಗುರುಸಿದ್ದಪ್ಪ ಗಂಟಲು ಸರಿಮಾಡಿಕೊಂಡರು. "ಮುಂದಿನ ವಾರ ಸುಶೀಲಾಗೆ ದಿನ ತುಂಬುತ್ತಂತೆ. ನನ್ನದೊಂದು ಸಲಹೆ. ಮರಿ ಗಿರಿ ಅಂದ್ರೆ ಮತ್ತೆ ಹೊಸ ತಾಪತ್ರಯ. ಮರಿ ಉಳೀಲಿಲ್ಲ ಅಂತ ಮಾಡಿ ಮುಗಿಸಿಬಿಡಿ ಮೇಡಂ. ಮೊದಲಿನ ಹಾಗೆ ಒಬ್ಬಳೇ ಇರ್ಲಿ."

ಹಲವರು ತಲೆಯಾಡಿಸಿದರು. ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು. ಶಾಂಭವಿ ಎದ್ದು ನಿಂತಳು.

"ಆಗಲ್ಲ ಸಾರ್. ಅವನು ನಾವು ಹೇಳಿದ್ದನ್ನ ನಂಬಿ ಎದ್ದು ಹೋದ. ಹೊಟ್ಟೆ ಹಸಿದಿದ್ರೂ ಬೋನಿನ ಕಡೆ ತಿರುಗಿ ನೋಡದೆ ಹೋದ. ಅವತ್ತಿನಿಂದ ನಮ್ಮ ಅಂಚು ಕಾಯ್ತಿರೋದು ಅವನೇ. ನಾನು ಅವನಿಗೆ ಸುಳ್ಳು ಹೇಳಿದ್ದೀನಿ, ಒಪ್ಕೋತೀನಿ. ಆದ್ರೆ ಹೇಳಿದ ಮೇಲೆ ಅದನ್ನ ನಡೆಸಬೇಕಾದೋಳೂ ನಾನೇ. ಮರಿಗಳು ಹುಟ್ತಾವೆ. ದಿನವೂ ಅವು ಬೆಳೀಬೇಕು, ಹಾಲು ಬಿಡಬೇಕು, ಬೇಟೆ ಕಲೀಬೇಕು. ದೊಡ್ಡವಾಗಿ ಕಾಡಿಗೆ ಹೋಗೋ ತನಕ ಆ ಕೆಲಸ ನನ್ನದು."

ಮಗಳನ್ನು ಕಳಿಸಿಕೊಟ್ಟು ಇನ್ನೂ ಕಣ್ಣೀರಾರದ ಸರ್ವಮಂಗಳಾ ಮೊದಲು ಕೈ ಎತ್ತಿದರು. ಆಮೇಲೆ ರುದ್ರಾಣಮ್ಮ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೊನೆಗೆ ಗುರುಸಿದ್ದಪ್ಪನವರ ಕೈಯೂ ಮೇಲೆದ್ದಿತು, ಅರ್ಧಕ್ಕೆ.

ಹೆರಿಗೆಯ ದಿನ ಬೆಳಗ್ಗೆ ಕಂಪ್ಯೂಟರ್ ಕೇಳಿತು: ಹುಟ್ಟುವ ಮರಿಗಳು ಎಷ್ಟು? ಶಾಂಭವಿ ಎರಡು ಎಂದು ಒತ್ತಿದಳು. ಕಂಪ್ಯೂಟರ್ ಮತ್ತೆ ಕೇಳಿತು: ಅದರಲ್ಲಿ ಬದುಕುಳಿಯುವುವು ಎಷ್ಟು? ಕಾಡಿನ ಲೆಕ್ಕವನ್ನು ಅವಳೇ ಅದಕ್ಕೆ ಕಲಿಸಿದ್ದಳು, ಅರ್ಧಕ್ಕರ್ಧ ಮರಿಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ ಎಂದು. ಅದರಂತೆ ಅದು ತಾನಾಗಿಯೇ ಒಂದು ಎಂದು ತುಂಬಿಟ್ಟಿತ್ತು. ಪಕ್ಕದಲ್ಲಿ ನೌಷಾದ್ "ಲೆಕ್ಕ ಸರಿ ಇದೆ ಮೇಡಂ" ಎಂದ.

ಶಾಂಭವಿ ಆ ಒಂದನ್ನು ಅಳಿಸಿ ಎರಡು ಎಂದು ಬರೆದಳು.